ಗೆದ್ದದ್ದನ್ನು ಹೇಳಿದೆ, ಹಾಕಿದ್ದನ್ನು ಹೇಳಲಿಲ್ಲ

ಪ್ರಶ್ನೆ: ನನಗೆ 44 ವರ್ಷ, ಉದ್ಯೋಗದಲ್ಲಿದ್ದೇನೆ. ಕಳೆದ ಒಂದೂವರೆ ವರ್ಷದಿಂದ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಮೊಬೈಲಿನಲ್ಲಿ ಹಣ ಕಟ್ಟಿ ಬಿಂಗೊ ಆಡುತ್ತಿದ್ದೇನೆ. 90 ಸಂಖ್ಯೆಗಳ ಆಟ ಅದು: ಸಂಖ್ಯೆಗಳನ್ನು ಒಂದೊಂದಾಗಿ ಕರೆಯುತ್ತಾರೆ, ಕರೆದದ್ದು ನಮ್ಮ ಟಿಕೆಟ್‌ನಲ್ಲಿದ್ದರೆ ಅದಕ್ಕೆ ಗುರುತು ಬೀಳುತ್ತದೆ. ಪ್ರತಿ ಸುತ್ತಿಗೂ ಆರು ಟಿಕೆಟ್‌ಗಳ ಒಂದು ಸ್ಟ್ರಿಪ್ ಕೊಳ್ಳುತ್ತೇನೆ. ರಾತ್ರಿಗೆ ಎಂಟು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಸಾಲ ಮಾಡಿಲ್ಲ, ಮನೆಖರ್ಚಿನ ಹಣವನ್ನು ಮುಟ್ಟಿಲ್ಲ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಏನನ್ನೂ ಕೇಳುವುದಿಲ್ಲ ಎಂಬುದೇ ನನಗೆ ದೊಡ್ಡ ನೆಮ್ಮದಿ. ಚಾಟ್‌ನಲ್ಲಿ ಪರಿಚಯವಾದ ಏಳೆಂಟು ಮಂದಿ, ನಾನು ಜ್ವರದಿಂದ ಒಂದು ವಾರ ಕಾಣಿಸದಿದ್ದಾಗ, ನೆನಪಿಟ್ಟುಕೊಂಡು ವಿಚಾರಿಸಿದ್ದರು.

ನಾಲ್ಕು ತಿಂಗಳ ಹಿಂದೆ, 45 ಕರೆಗಳೊಳಗೆ ಫುಲ್ ಹೌಸ್ ಆದವರಿಗೆ, ಅಂದರೆ ಒಂದು ಟಿಕೆಟ್‌ನ ಎಲ್ಲ ಸಂಖ್ಯೆಗಳಿಗೂ ಗುರುತು ಬಿದ್ದವರಿಗೆ, ಸಿಗುವ ಜಾಕ್‌ಪಾಟ್ ನನಗೆ ಬಂತು. ನನ್ನ ಎರಡು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚೇ ಇತ್ತು. ಸಂತೋಷ ತಡೆಯಲಾರದೆ ಪತಿಗೆ ಹೇಳಿದೆ. ಅವರು ಹೆಮ್ಮೆಯಿಂದ ನೆಂಟರಿಗೆಲ್ಲ ಹೇಳಿದರು. ಈಗ ನನ್ನ ತಂಗಿ, ‘ಅಕ್ಕಾ, ನನಗೂ ಒಂದು ಖಾತೆ ತೆರೆದುಕೊಡು, ಸ್ವಲ್ಪ ಉಳಿತಾಯ ಇಟ್ಟಿದ್ದೇನೆ’ ಎನ್ನುತ್ತಿದ್ದಾಳೆ. ಅವಳಿಗೆ ನಿಯತವಾದ ಸಂಪಾದನೆ ಇಲ್ಲ. ನಾನು ಅವಳನ್ನು ಸೇರಿಸಿದರೆ ಇಬ್ಬರಿಗೂ ಬೋನಸ್ ಸಿಗುತ್ತದೆ ಎಂದು ಆ್ಯಪ್ ದಿನವೂ ಸಂದೇಶ ಕಳಿಸುತ್ತಿದೆ. ನಾನು ಇಲ್ಲಿಯವರೆಗೆ ಒಟ್ಟು ಎಷ್ಟು ಹಣ ಹಾಕಿದ್ದೇನೆ ಎಂಬುದನ್ನು ಯಾರಿಗೂ ಹೇಳಿಲ್ಲ. ನಿಜ ಹೇಳಬೇಕೆಂದರೆ, ನಾನೇ ಕೂಡಿ ನೋಡಿಲ್ಲ, ನೋಡಲು ಭಯ. ಬೇಡ ಎಂದರೆ ಅವಳು ನನ್ನದು ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾಳೆ. ಏನು ಮಾಡಲಿ? ನನಗೆ ಚಟ ಹಿಡಿದಿದೆಯೇ?

— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಜಾಕ್‌ಪಾಟ್‌ನ ಮಾತಲ್ಲ, ‘ನಾನೇ ಕೂಡಿ ನೋಡಿಲ್ಲ’ ಎಂಬ ಆ ಒಂದು ವಾಕ್ಯ. ನೀವು ಕೇಳಿರುವ ಎರಡೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಆದುದರಿಂದ ತಂಗಿಯ ವಿಷಯಕ್ಕೆ ಹೋಗುವ ಮೊದಲು, ಆ ಲೆಕ್ಕ ಏಕೆ ಅಷ್ಟೊಂದು ಹೆದರಿಸುತ್ತದೆ, ಅದನ್ನು ಹೇಗೆ ಮಾಡಬೇಕು ಎಂಬುದನ್ನು ಹೇಳುತ್ತೇನೆ.

ಮೊದಲು ಆಟದ ಸ್ವರೂಪವನ್ನೇ ನೋಡೋಣ. ನೀವು ಕೊಳ್ಳುವ ಪ್ರತಿ ಟಿಕೆಟ್‌ನಲ್ಲಿ 15 ಸಂಖ್ಯೆಗಳಿರುತ್ತವೆ. ಆರು ಟಿಕೆಟ್‌ಗಳ ಸ್ಟ್ರಿಪ್‌ನಲ್ಲಿ ಆರು ಹದಿನೈದಲೆ 90, ಅಂದರೆ ಒಂದರಿಂದ ತೊಂಬತ್ತರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಬಾರಿ ಬಂದಿರುತ್ತವೆ. ಹೀಗಾಗಿ ಯಾವ ಸಂಖ್ಯೆಯನ್ನು ಕರೆದರೂ ಅದು ನಿಮ್ಮ ಆರು ಟಿಕೆಟ್‌ಗಳಲ್ಲಿ ಒಂದರಲ್ಲಿ ಇದ್ದೇ ಇರುತ್ತದೆ, ಆ್ಯಪ್ ಅದನ್ನು ತಾನಾಗಿಯೇ ಗುರುತು ಹಾಕುತ್ತದೆ, ಪರದೆಯ ಮೇಲೆ ಬಣ್ಣ ತುಂಬುತ್ತದೆ. ಒಂದು ಕರೆಯೂ ನಿಮಗೆ ಸಂಬಂಧವಿಲ್ಲದೆ ಹೋಗುವುದಿಲ್ಲ. ಇದರಿಂದ ಮನಸ್ಸಿಗೆ ಏನನ್ನಿಸುತ್ತದೆ ಎಂದರೆ, ಆಟ ನಿಮ್ಮ ಕಡೆಗೇ ವಾಲುತ್ತಿದೆ ಎಂದು. ಆದರೆ ನಿಮ್ಮ ಕೋಣೆಯಲ್ಲಿ, ಅಂದರೆ ಆ್ಯಪ್‌ನಲ್ಲಿ ನಿಮ್ಮ ಜೊತೆ ಅದೇ ಸುತ್ತನ್ನು ಆಡುತ್ತಿರುವ ಗುಂಪಿನಲ್ಲಿ, ಸ್ಟ್ರಿಪ್ ಕೊಂಡ ಪ್ರತಿಯೊಬ್ಬರ ಪರದೆಯ ಮೇಲೂ ಅದೇ ಹೊತ್ತಿನಲ್ಲಿ ಅದೇ ನಡೆಯುತ್ತಿರುತ್ತದೆ.

ಇನ್ನು ‘ಒಂದೇ ನಂಬರ್‌ನಲ್ಲಿ ತಪ್ಪಿಹೋಯಿತು’ ಎಂಬ ಅನುಭವ. ನೀವು ಅದನ್ನು ಬರೆದಿಲ್ಲ, ಆದರೂ ಒಂದೂವರೆ ವರ್ಷ ಆಡಿದವರಿಗೆ ಅದು ನೂರಾರು ಬಾರಿ ಆಗಿರಲೇಬೇಕು. ಕೋಣೆಯಲ್ಲಿ 400 ಟಿಕೆಟ್‌ಗಳು ಮಾರಾಟವಾಗಿವೆ ಎಂದುಕೊಳ್ಳಿ. ಸಂಭವನೀಯತೆಯ ಲೆಕ್ಕದಲ್ಲಿ ಮೊದಲ ಫುಲ್ ಹೌಸ್ ಸುಮಾರು 62ನೆಯ ಕರೆಯ ಆಸುಪಾಸಿನಲ್ಲಿ ಆಗುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ಆ ಕ್ಷಣದಲ್ಲಿ ಉಳಿದ ಟಿಕೆಟ್‌ಗಳ ಪೈಕಿ ಸರಾಸರಿ ಏಳೆಂಟು ಟಿಕೆಟ್‌ಗಳು ಒಂದೇ ಒಂದು ಸಂಖ್ಯೆಗಾಗಿ ಕಾಯುತ್ತಿರುತ್ತವೆ, ಸುಮಾರು ಮೂವತ್ತು ಟಿಕೆಟ್‌ಗಳು ಎರಡು ಸಂಖ್ಯೆಗಳಿಗಾಗಿ ಕಾಯುತ್ತಿರುತ್ತವೆ. ಆರು ಟಿಕೆಟ್ ಹಿಡಿದಿರುವ ನೀವು ಸುಮಾರು 67 ಸುತ್ತುಗಳಿಗೆ ಒಮ್ಮೆ ಫುಲ್ ಹೌಸ್ ಗೆಲ್ಲುತ್ತೀರಿ. ಆದರೆ ಹೆಚ್ಚು ಕಡಿಮೆ ಐದು ಸುತ್ತುಗಳಲ್ಲಿ ಎರಡು ಸುತ್ತು, ನಿಮ್ಮ ಕೈಯಲ್ಲಿರುವ ಯಾವುದಾದರೂ ಒಂದು ಟಿಕೆಟ್ ಗೆಲುವಿಗೆ ಒಂದು ಅಥವಾ ಎರಡು ಸಂಖ್ಯೆಯಷ್ಟು ದೂರದಲ್ಲಿ ನಿಂತುಬಿಟ್ಟಿರುತ್ತದೆ. ಯಾರೂ ಮೋಸ ಮಾಡದಿದ್ದರೂ, ಸಂಖ್ಯೆಗಳನ್ನು ಆರಿಸುವ ಕಂಪ್ಯೂಟರ್ ವ್ಯವಸ್ಥೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಬಿಂಗೊ ಎಂಬ ಆಟದ ಗುಣವೇ ಹೀಗಿದೆ: ಅದು ಗೆಲುವನ್ನು ಒಬ್ಬರಿಗೆ ಕೊಟ್ಟು, ಗೆಲುವಿನ ಹತ್ತಿರ ಬಂದ ಭಾವನೆಯನ್ನು ಹತ್ತಾರು ಜನರಿಗೆ ಹಂಚುತ್ತದೆ. ಕೈತಪ್ಪಿದ ಗೆಲುವು ಮಿದುಳಿನಲ್ಲಿ ನಿಜವಾದ ಗೆಲುವಿಗೆ ಸ್ಪಂದಿಸುವ ಭಾಗಗಳನ್ನೇ ಎಚ್ಚರಿಸುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಕೇಂಬ್ರಿಜ್ ಸಂಶೋಧಕರ ಅಧ್ಯಯನವೊಂದು ತೋರಿಸಿತು. ಅವರು ಪರೀಕ್ಷಿಸಿದ್ದು, ತಿರುಗುವ ಚಿತ್ರಗಳು ಹೊಂದಿಕೊಂಡು ನಿಂತರೆ ಹಣ ಕೊಡುವ ಸ್ಲಾಟ್ ಯಂತ್ರದಂಥ ಆಟವನ್ನಾದರೂ, ರಾತ್ರಿ ಎಂಟು ಸುತ್ತು ಕುಳಿತು ಆಡುವವರಿಗೆ ಅದು ಅರ್ಥವಾಗದ ಮಾತೇನೂ ಅಲ್ಲ.

ಇದಕ್ಕೆ ಸಣ್ಣ ಬಹುಮಾನಗಳನ್ನೂ ಸೇರಿಸಿಕೊಳ್ಳಿ. ಟಿಕೆಟ್‌ನ ಒಂದು ಸಾಲು ಪೂರ್ಣವಾದರೆ ಏನೋ ಒಂದಷ್ಟು ಬರುತ್ತದೆ, ಘಂಟೆಯ ಸದ್ದಾಗುತ್ತದೆ, ಚಾಟ್‌ನಲ್ಲಿ ಅಭಿನಂದನೆಗಳು ಹರಿಯುತ್ತವೆ. ಆ ಬಹುಮಾನ ಆರು ಟಿಕೆಟ್‌ಗಳ ಬೆಲೆಗಿಂತ ಕಡಿಮೆ ಇದ್ದರೂ, ಅಂದರೆ ಆ ಸುತ್ತಿನಲ್ಲಿ ನೀವು ಸೋತಿದ್ದರೂ, ನೆನಪಿನಲ್ಲಿ ಅದು ಗೆಲುವಾಗಿಯೇ ದಾಖಲಾಗುತ್ತದೆ. ಒಂದೂವರೆ ವರ್ಷದ ಇಂಥ ನೆನಪುಗಳನ್ನೆಲ್ಲ ಒಟ್ಟುಗೂಡಿಸಿದರೆ ‘ನಾನು ಆಗಾಗ ಗೆಲ್ಲುತ್ತಿರುತ್ತೇನೆ’ ಎಂಬ ಚಿತ್ರ ಮೂಡುವುದು ಸಹಜ. ನೀವು ಕೂಡಿ ನೋಡದಿರಲು ಕಾರಣ ಸೋಮಾರಿತನವಲ್ಲ ಎಂದು ನಾನು ಭಾವಿಸಿದ್ದೇನೆ. ಆ ಚಿತ್ರಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ ಎಂಬ ಗುಮಾನಿ ಒಳಗೆ ಎಲ್ಲೋ ಇದ್ದೇ ಇದೆ.

ಆದ್ದರಿಂದ ಲೆಕ್ಕವನ್ನು ಹೀಗೆ ಮಾಡಿ. ಆ್ಯಪ್‌ನೊಳಗಿನ ಆಟದ ಇತಿಹಾಸವನ್ನು ತೆರೆಯಬೇಡಿ. ಅದರಲ್ಲಿ ಗೆದ್ದದ್ದು, ಗೆದ್ದ ಹಣದಿಂದಲೇ ಮತ್ತೆ ಟಿಕೆಟ್ ಕೊಂಡದ್ದು, ಬೋನಸ್ ಬಂದದ್ದು, ಬೋನಸ್ ಹೋದದ್ದು ಎಲ್ಲವೂ ಕಲಸಿಹೋಗಿ, ಎಂಥ ಲೆಕ್ಕಪರಿಶೋಧಕರಿಗೂ ತಲೆ ತಿರುಗುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಹದಿನೆಂಟು ತಿಂಗಳಲ್ಲಿ ನಿಮ್ಮ ಖಾತೆಯಿಂದ ಆ ಕಂಪನಿಗೆ ಹೋದ ಪ್ರತಿಯೊಂದು ಮೊತ್ತವನ್ನೂ ಒಂದು ಕಡೆ ಬರೆಯಿರಿ. ಅವರಿಂದ ನಿಮ್ಮ ಖಾತೆಗೆ ಮರಳಿ ಬಂದ ಪ್ರತಿಯೊಂದು ಮೊತ್ತವನ್ನೂ, ಜಾಕ್‌ಪಾಟ್ ಸೇರಿದಂತೆ, ಇನ್ನೊಂದು ಕಡೆ ಬರೆಯಿರಿ. ಎರಡರ ವ್ಯತ್ಯಾಸವೇ ಉತ್ತರ. ಅದು ಒಂದು ಹಾಳೆಯ ಕೆಲಸ, ಹೆಚ್ಚೆಂದರೆ ಒಂದು ಗಂಟೆ ಹಿಡಿಯಬಹುದು. ಕೂಡುವಾಗ ಇನ್ನೊಂದು ವಿಷಯವನ್ನು ಗಮನಿಸಿ: ಜಾಕ್‌ಪಾಟ್ ಬಂದ ನಂತರದ ನಾಲ್ಕು ತಿಂಗಳುಗಳಲ್ಲಿ ಹೋದ ಹಣ, ಅದಕ್ಕೆ ಹಿಂದಿನ ನಾಲ್ಕು ತಿಂಗಳುಗಳಲ್ಲಿ ಹೋದದ್ದಕ್ಕಿಂತ ಹೆಚ್ಚಿದೆಯೇ? ದೊಡ್ಡ ಗೆಲುವಿನ ನಂತರ ಟಿಕೆಟ್‌ನ ದರವನ್ನು ತಮಗೇ ಗೊತ್ತಾಗದಂತೆ ಒಂದು ಮೆಟ್ಟಿಲು ಏರಿಸಿಕೊಳ್ಳುವುದು, ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಪರದೆಯ ಪಕ್ಕದಲ್ಲಿ ಕಾಣುವ ಸ್ಲಾಟ್ ಆಟಗಳನ್ನು ಒತ್ತಿ ನೋಡುವುದು ಅನೇಕರ ಅನುಭವ. ಬಿಂಗೊದಲ್ಲಿ ಒಂದು ಸುತ್ತಿಗೆ ಕೆಲವು ನಿಮಿಷಗಳಾದರೂ ಬೇಕು. ಆ ಸ್ಲಾಟ್ ಆಟಗಳಿಗೆ ಕೆಲವೇ ಸೆಕೆಂಡುಗಳು ಸಾಕು, ಹಣವೂ ಅದೇ ವೇಗದಲ್ಲಿ ಕರಗುತ್ತದೆ.

ಲೆಕ್ಕ ಮುಗಿದ ಮೇಲೆ ನೀವು ಇನ್ನೂ ಲಾಭದಲ್ಲಿಯೇ ಇರುವುದು ಸಾಧ್ಯ. ನೀವು ಬರೆದಿರುವ ರೀತಿಯನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ, ಆದರೂ ಆ ಸಾಧ್ಯತೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಲಾಭವಿದ್ದರೂ ತಂಗಿಯ ಮಟ್ಟಿಗೆ ನನ್ನ ಸಲಹೆ ಬದಲಾಗುವುದಿಲ್ಲ. ಏಕೆಂದರೆ ನಿಮಗೆ ಬಂದ ಜಾಕ್‌ಪಾಟ್ ಎಂಥದ್ದು ಎಂಬುದನ್ನು ಲೆಕ್ಕ ಹಾಕಿ ನೋಡಿದೆ. 45 ಕರೆಗಳೊಳಗೆ ಒಂದು ಟಿಕೆಟ್ ಪೂರ್ಣವಾಗುವ ಸಾಧ್ಯತೆ ಸುಮಾರು 1,33,000ಕ್ಕೆ ಒಂದು. ಆರು ಟಿಕೆಟ್ ಹಿಡಿದವರಿಗೆ ಸುಮಾರು 22,000 ಸುತ್ತುಗಳಿಗೆ ಒಮ್ಮೆ. ರಾತ್ರಿಗೆ ಎಂಟು ಸುತ್ತಿನಂತೆ ಒಂದು ದಿನವೂ ಬಿಡದೆ ಆಡಿದರೆ ಅಷ್ಟು ಸುತ್ತುಗಳಿಗೆ ಏಳೂವರೆ ವರ್ಷ ಬೇಕು. ಹಾಗೆ ಏಳೂವರೆ ವರ್ಷ ಆಡಿದವರಲ್ಲಿಯೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದು ಒಮ್ಮೆಯೂ ಸಿಕ್ಕಿರುವುದಿಲ್ಲ. ನಿಮಗೆ ಒಂದೂವರೆ ವರ್ಷದೊಳಗೆ ಸಿಕ್ಕಿತು. ಅದು ಅದೃಷ್ಟ, ಅದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಆದರೆ ಅದು ನೀವು ಕಲಿತ ವಿದ್ಯೆಯಲ್ಲ, ಆದ್ದರಿಂದ ತಂಗಿಗೆ ಕಲಿಸಿಕೊಡಲು ಬರುವಂಥದ್ದೂ ಅಲ್ಲ. ಆಕೆ ಖಾತೆ ತೆರೆದ ದಿನ, ನಿಮ್ಮ ಗೆಲುವಿನಿಂದ ಆಕೆಯ ಕಾಯುವಿಕೆ ಒಂದು ಸುತ್ತಿನಷ್ಟೂ ಕಡಿಮೆಯಾಗಿರುವುದಿಲ್ಲ.

ಬೋನಸ್ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ದಿನವೂ ಬರುವ ಆ ಸಂದೇಶ ನಿಮ್ಮ ಮನಸ್ಸನ್ನು ಸ್ವಲ್ಪವಾದರೂ ಎಳೆದಿರಬೇಕು. ಪರಿಚಯಿಸಿದವರಿಗೂ ಬಂದವರಿಗೂ ಕೊಡುವ ಇಂಥ ಬೋನಸ್ ಸಾಮಾನ್ಯವಾಗಿ ನೇರವಾಗಿ ಬ್ಯಾಂಕಿಗೆ ಹಾಕಿಕೊಳ್ಳಬಹುದಾದ ಹಣವಾಗಿರುವುದಿಲ್ಲ; ಅದರ ಇಷ್ಟು ಪಟ್ಟು ಮೌಲ್ಯದ ಟಿಕೆಟ್‌ಗಳನ್ನು ಕೊಂಡ ಮೇಲೆಯೇ ಹಿಂಪಡೆಯಬಹುದು ಎಂಬ ಷರತ್ತು ಅದಕ್ಕೆ ಅಂಟಿಕೊಂಡಿರುತ್ತದೆ. ಉದಾಹರಣೆಗೆ, ಬೋನಸ್ 10 ಎಂದೂ, ಷರತ್ತು ನಾಲ್ಕು ಪಟ್ಟು ಎಂದೂ ಇಟ್ಟುಕೊಂಡರೆ 40ರಷ್ಟು ಮೌಲ್ಯದ ಟಿಕೆಟ್ ಕೊಳ್ಳಬೇಕು. ಟಿಕೆಟ್ ಮಾರಾಟದಿಂದ ಬಂದ ಪ್ರತಿ 100ರಲ್ಲಿ 75ನ್ನು ಬಹುಮಾನವಾಗಿ ಹಂಚಿ 25ನ್ನು ಕಂಪನಿ ಇಟ್ಟುಕೊಳ್ಳುತ್ತದೆ ಎಂದಾದರೆ, ಆ 40ರಲ್ಲಿ ಸರಾಸರಿ 10 ಕಳೆದುಹೋಗುತ್ತದೆ. ಬಂದ ಬೋನಸ್ ಎಷ್ಟೋ ಹೋದದ್ದೂ ಅಷ್ಟೇ. ಉಳಿಯುವುದೇನೆಂದರೆ, ಆ ಷರತ್ತನ್ನು ಪೂರೈಸುವಷ್ಟು ಹೊತ್ತಿನಲ್ಲಿ ನಿಮ್ಮ ತಂಗಿಗೆ ರೂಢಿಯಾದ ಆಟ. ಪಟ್ಟುಗಳೂ ಪಾಲುಗಳೂ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿರುತ್ತವೆ, ಲೆಕ್ಕದ ದಿಕ್ಕು ಮಾತ್ರ ಬದಲಾಗುವುದಿಲ್ಲ. ಇದರ ಜೊತೆಗೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಕಾನೂನು ಎಲ್ಲ ಕಡೆಯೂ ಒಂದೇ ಇಲ್ಲ, ಕೆಲವೆಡೆ ಅವು ಪೂರ್ತಿಯಾಗಿ ನಿಷಿದ್ಧ. ನೀವಿರುವಲ್ಲಿ ನಿಯಮ ಏನೆಂಬುದನ್ನು ನೀವು ಈಗಾಗಲೇ ತಿಳಿದುಕೊಂಡಿರದಿದ್ದರೆ ಇಂದೇ ತಿಳಿದುಕೊಳ್ಳಿ.

ನಿಮ್ಮ ಎರಡನೆಯ ಪ್ರಶ್ನೆ, ಚಟದ ಪ್ರಶ್ನೆ. ಪತ್ರವೊಂದನ್ನು ಓದಿ ಯಾರಿಗೂ ರೋಗದ ಹೆಸರನ್ನು ಅಂಟಿಸಬಾರದು, ನಾನು ಅಂಟಿಸುವುದಿಲ್ಲ. ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ, 2022ರಿಂದ ಜಾರಿಗೆ ಬಂದದ್ದರಲ್ಲಿ, ಸೇರಿಸಿದೆ. ಅದು ನೋಡುವುದು ಮುಖ್ಯವಾಗಿ ಮೂರನ್ನು: ಯಾವಾಗ, ಎಷ್ಟು ಹೊತ್ತು, ಎಷ್ಟು ಹಣಕ್ಕೆ ಆಡಬೇಕು ಎಂಬುದರ ಮೇಲಿನ ಹಿಡಿತ ತಪ್ಪಿದೆಯೇ, ಬದುಕಿನ ಉಳಿದ ಕೆಲಸಗಳಿಗಿಂತ ಆಟವೇ ಮುಂದಾಗಿದೆಯೇ, ಹಾನಿಯಾಗುತ್ತಿದ್ದರೂ ಆಟ ಮುಂದುವರಿದಿದೆಯೇ. ನೀವು ಬರೆದಿರುವುದನ್ನೆಲ್ಲ ನಂಬಿದರೆ, ಮತ್ತು ನಾನು ನಂಬುತ್ತೇನೆ, ಈ ಮೂರರಲ್ಲಿ ಯಾವುದೂ ಈಗ ಸ್ಪಷ್ಟವಾಗಿ ಕಾಣುವುದಿಲ್ಲ. ಎಂಟು ಸುತ್ತಿಗೆ ನಿಲ್ಲಿಸುತ್ತೀರಿ, ಸಾಲ ಮಾಡಿಲ್ಲ. ಆದರೆ ಎರಡು ವಿಷಯಗಳು ನನಗೆ ಹಿಡಿಸಲಿಲ್ಲ: ಮೊತ್ತವನ್ನು ಮುಚ್ಚಿಟ್ಟಿರುವುದು ಮತ್ತು ಅದನ್ನು ನೋಡಲು ಹೆದರುವುದು. ಆರೋಗ್ಯಕರವಾದ ಹವ್ಯಾಸಕ್ಕೆ ಎಷ್ಟು ಖರ್ಚಾಯಿತು ಎಂದು ಯಾರಾದರೂ ಕೇಳಿದರೆ ನಾವು ನಗುತ್ತಾ ಹೇಳಿಬಿಡುತ್ತೇವೆ. ಹೋದದ್ದನ್ನು ಮರಳಿ ಪಡೆಯಬೇಕೆಂದು ಒಂಬತ್ತನೆಯ ಸುತ್ತಿಗೆ ಕುಳಿತ ರಾತ್ರಿ ಒಂದಾದರೂ ಇದ್ದರೆ, ಅಥವಾ ಈ ಲೆಕ್ಕವನ್ನು ಹಾಕಿದ ಮೇಲೆ ಅಂಥ ಆಸೆ ಹುಟ್ಟಿದರೆ, ಆಗ ಮಾತ್ರ ತಡಮಾಡದೆ ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ನೇರವಾಗಿ ಕಾಣಿರಿ.

ಮೂವತ್ತು ದಿನ ಆಟವನ್ನು ನಿಲ್ಲಿಸಿ ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮನಸ್ಸಿನಲ್ಲಿ ನಿರ್ಧರಿಸಿದರೆ ಸಾಲದು. ಪರವಾನಗಿ ಪಡೆದ ಹೆಚ್ಚಿನ ತಾಣಗಳಲ್ಲಿ ಖಾತೆಯನ್ನು ನಿರ್ದಿಷ್ಟ ಅವಧಿಗೆ ಆಟಗಾರರೇ ಮುಚ್ಚಿಕೊಳ್ಳುವ ಸೌಲಭ್ಯ ಇರುತ್ತದೆ, ಅದನ್ನು ಬಳಸಿ. ನಿಮ್ಮ ಆ್ಯಪ್‌ನಲ್ಲಿ ಅಂಥದ್ದು ಹುಡುಕಿದರೂ ಸಿಗದಿದ್ದರೆ, ಅಷ್ಟೇ ಸಾಕು ಆ ಕಂಪನಿಯ ಯೋಗ್ಯತೆಯನ್ನು ತಿಳಿಯಲು. ಉಳಿದ ಹಣವನ್ನು ಹಿಂಪಡೆದು ಖಾತೆಯನ್ನೇ ಮುಚ್ಚಿ.

ಆ ಮೂವತ್ತು ರಾತ್ರಿಗಳಲ್ಲಿ ನಿಮಗೆ ಕೊರತೆಯೆನಿಸುವುದು ಬಿಂಗೊ ಆಗಿರಲಾರದು ಎಂದು ನನ್ನ ಊಹೆ. ‘ಆ ಹೊತ್ತಿನಲ್ಲಿ ಯಾರೂ ನನ್ನನ್ನು ಏನನ್ನೂ ಕೇಳುವುದಿಲ್ಲ’ ಎಂದು ನೀವು ಬರೆದಿರಲ್ಲ, ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಇಡೀ ಹಗಲು ಕಚೇರಿಗೂ ಮನೆಗೂ ಉತ್ತರ ಕೊಡುತ್ತಾ ಬಂದ ಹೆಂಗಸಿಗೆ ಮುಕ್ಕಾಲು ಗಂಟೆಯ ಏಕಾಂತ ಬೇಕೇ ಬೇಕು. ಅದನ್ನು ಎಲ್ಲರೂ ಮಲಗುವವರೆಗೆ ಕಾದು, ಕದ್ದು ಪಡೆಯಬೇಕಾಗಿ ಬಂದಿರುವುದೇ ಬೇಸರದ ಸಂಗತಿ. ಪತಿಯೊಂದಿಗೆ ಮಾತನಾಡುವಾಗ ಇದನ್ನೂ ಹೇಳಿ, ಹಣದ ವಿಷಯದಷ್ಟೇ ಗಟ್ಟಿಯಾಗಿ ಹೇಳಿ. ಚಾಟ್‌ನ ಆ ಏಳೆಂಟು ಮಂದಿಯ ಬಗ್ಗೆಯೂ ನನಗೆ ಸಂದೇಹವಿಲ್ಲ. ಕೋಣೆಯನ್ನು ನಡೆಸುವ ಹೋಸ್ಟ್ ಸಂಬಳಕ್ಕಾಗಿ ನಗುನಗುತ್ತಾ ಮಾತನಾಡಬಹುದು, ಜ್ವರದ ಬಗ್ಗೆ ವಿಚಾರಿಸಿದ ಜೊತೆ ಆಟಗಾರರು ಸಂಬಳ ಪಡೆದು ವಿಚಾರಿಸಿದವರಲ್ಲ. ಒಂದು ತಿಂಗಳು ಬರುವುದಿಲ್ಲ ಎಂದು ಅವರಿಗೆ ಕಾರಣಸಹಿತ ಹೇಳಿ ಹೋಗಿ. ನಿಮ್ಮಂತೆಯೇ ಲೆಕ್ಕ ನೋಡಲು ಹೆದರುತ್ತಿರುವವರು ಅವರಲ್ಲಿಯೂ ಒಬ್ಬರಾದರೂ ಇರಬಹುದು.

ಇನ್ನು ತಂಗಿ. ಬೇಡ ಎಂದರೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾಳೆ ಎಂಬ ನಿಮ್ಮ ಅಂಜಿಕೆ ನಿಜವೇ. ನೀವು ಬರಿಯ ‘ಬೇಡ’ ಎಂದಷ್ಟೇ ಹೇಳಿದರೆ ಆಕೆ ಖಂಡಿತ ಹಾಗೆಯೇ ಭಾವಿಸುತ್ತಾಳೆ, ಏಕೆಂದರೆ ಆಕೆಗೆ ಗೊತ್ತಿರುವುದು ಗೆದ್ದ ಅಕ್ಕ ಮಾತ್ರ. ಹಾಕಿದ ಮೊತ್ತ ಗೊತ್ತಿಲ್ಲದವರಿಗೆ ಗೆದ್ದ ಮೊತ್ತ ಸಂಪಾದನೆಯಂತೆ ಕಾಣುತ್ತದೆ. ಆಕೆಯ ಕಣ್ಣಿನಿಂದ ನೋಡಿ: ನಿಯತವಾದ ಆದಾಯವಿಲ್ಲ, ಒಡಹುಟ್ಟಿದವಳಿಗೆ ಮನೆಯಲ್ಲಿ ಕುಳಿತೇ ಎರಡು ತಿಂಗಳ ಸಂಬಳ ಬಂದಿದೆ, ಭಾವ ಅದನ್ನು ಎಲ್ಲರೆದುರು ಹೊಗಳುತ್ತಿದ್ದಾರೆ. ಕೂಡಿಟ್ಟದ್ದನ್ನು ತಂದು ನಿಮ್ಮ ಮುಂದಿಡಲು ಆಕೆಗೆ ಇದಕ್ಕಿಂತ ಹೆಚ್ಚಿನ ಕಾರಣ ಏಕೆ ಬೇಕು? ಈಗಲೂ ನೀವು ಸುಮ್ಮನಿದ್ದರೆ, ಆಕೆ ಕಳೆದುಕೊಳ್ಳುವ ಪ್ರತಿ ಮೊತ್ತದಲ್ಲಿ ನಿಮ್ಮ ಮೌನಕ್ಕೂ ಪಾಲಿರುತ್ತದೆ. ಕಠಿಣವಾದ ಮಾತು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ನೀವು ತಂಗಿಯ ಬಗ್ಗೆ ಕಾಳಜಿ ಇರುವವರು ಎಂಬುದು ಪತ್ರದ ಪ್ರತಿ ಸಾಲಿನಲ್ಲಿಯೂ ಕಾಣುವುದರಿಂದ.

ಮೊದಲು ಪತಿಗೆ ಹೇಳಿ, ತಂಗಿಗೆ ಆಮೇಲೆ. ಪತಿ ಈ ವಿಷಯವನ್ನು ತಂಗಿಯ ಬಾಯಿಂದ ಕೇಳುವಂತಾಗಬಾರದು. ಅವರು ನೆಂಟರ ಮುಂದೆ ಹೇಳಿಕೊಂಡದ್ದರಿಂದ ಮುಖಭಂಗವಾಯಿತೆಂದು ಸಿಟ್ಟಾಗಬಹುದು. ಆಗ ‘ನಿಮಗೆ ಅರ್ಧವನ್ನಷ್ಟೇ ಹೇಳಿದೆ, ಅದು ನನ್ನ ತಪ್ಪು, ಉಳಿದರ್ಧ ಇದು’ ಎಂದು ಹಾಳೆಯನ್ನು ಕೊಡಿ. ಸಮರ್ಥನೆ ಬೇಡ, ಅಳುವೂ ಬೇಡ. ನೆಂಟರನ್ನೆಲ್ಲ ಕರೆದು ತಿದ್ದುಪಡಿ ಹೇಳುವ ಅಗತ್ಯವಿಲ್ಲ. ಮುಂದೆ ಯಾರಾದರೂ ಆ ಗೆಲುವಿನ ಮಾತೆತ್ತಿದಾಗ ಹಾಕಿದ್ದನ್ನೂ ಸೇರಿಸಿ ಹೇಳಿದರಾಯಿತು.

ಜಾಕ್‌ಪಾಟ್‌ನ ಹಣದಲ್ಲಿ ಇನ್ನೂ ಏನಾದರೂ ಉಳಿದಿದ್ದರೆ, ಪತಿಯೊಂದಿಗೆ ಸಮಾಲೋಚಿಸಿ, ಅದರಲ್ಲಿ ಒಂದಂಶವನ್ನು ತಂಗಿಗೆ ಕೊಡುವುದನ್ನು ಯೋಚಿಸಿ. ಖಾತೆ ತೆರೆದುಕೊಡು ಎಂದು ಆಕೆ ಕೇಳಿದ್ದರ ಹಿಂದೆ, ಕೈ ಬಿಗಿಯಾಗಿದೆ ಎಂದು ನೇರವಾಗಿ ಹೇಳಲಾರದ ಸಂಕೋಚ ಇರಬಹುದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆಕೆಯ ಉಳಿತಾಯ ಎಷ್ಟಿದೆ, ಅದನ್ನು ಯಾವ ಅವಶ್ಯಕತೆಗೆಂದು ಇಟ್ಟಿದ್ದಳು, ತಿಂಗಳಿಗೆ ಎಷ್ಟು ಕೊರತೆ ಬೀಳುತ್ತಿದೆ ಎಂಬುದನ್ನು ಒಡಹುಟ್ಟಿದವಳಾಗಿ ಕೇಳುವ ಹಕ್ಕು ನಿಮಗಿದೆ. ಆಕೆ ಎಲ್ಲವನ್ನೂ ಕೇಳಿದ ಮೇಲೆಯೂ ತಾನಾಗಿಯೇ ಬೇರೆ ಖಾತೆ ತೆರೆದರೆ ಅದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ, ಆಕೆಯೂ ದೊಡ್ಡವಳು. ಆದರೆ ನಿಮ್ಮ ಹೆಸರಿನ ಲಿಂಕ್‌ನಿಂದ, ನಿಮ್ಮ ಅರ್ಧ ಕಥೆಯನ್ನು ನಂಬಿ, ಆಕೆ ಒಳಗೆ ಹೋಗಬಾರದು. ಆ ಸಂದೇಶವನ್ನು ಇಂದು ರಾತ್ರಿಯೇ ಅಳಿಸಿ, ಆ್ಯಪ್‌ನ ಎಲ್ಲ ನೋಟಿಫಿಕೇಶನ್‌ಗಳನ್ನೂ ನಿಲ್ಲಿಸಿ.

ತಂಗಿಯನ್ನು ಕರೆಯುವಾಗ ಪತಿಯನ್ನೂ ಹತ್ತಿರ ಕೂರಿಸಿಕೊಳ್ಳಬೇಡಿ. ಇದು ಅಕ್ಕತಂಗಿಯರಿಬ್ಬರ ನಡುವಿನ ಮಾತು. ಪೀಠಿಕೆಯೂ ಉಪದೇಶವೂ ಬೇಡ, ಮೇಲೆ ನಾನು ಬರೆದ ಸಂಭವನೀಯತೆಯ ಲೆಕ್ಕಗಳೂ ಆಗ ಬೇಡ. ನೀವು ಕೈಯಾರೆ ಬರೆದ ಆ ಹಾಳೆಯನ್ನು ಆಕೆಯ ಮುಂದಿಟ್ಟು, ಹದಿನೆಂಟು ತಿಂಗಳುಗಳನ್ನೂ ಆಕೆಯೇ ಮೇಲಿನಿಂದ ಕೆಳಗಿನವರೆಗೆ ಓದುವಷ್ಟು ಹೊತ್ತು ಸುಮ್ಮನಿರಿ.